ಹಿಂದಿನ ಸೀಟಿಗಾಗಿ ಒಂದು ಫ್ರೆಂಚ್ ಕಾರು

ಮನುಷ್ಯನು ತನ್ನ ಬದುಕಿನ ದೊಡ್ಡ ನಿರ್ಧಾರಗಳನ್ನು ಕೊನೆಗೆ ಒಬ್ಬಂಟಿಯಾಗಿಯೇ ಕೈಗೊಳ್ಳಬೇಕಾಗುತ್ತದೆ. ಆ ಗಳಿಗೆಯಲ್ಲಿ ಅವನ ಅಂತಃಸಾಕ್ಷಿಯ ಹೊರತು ಬೇರೆ ಯಾರೂ ಅವನ ಜೊತೆಗಿರುವುದಿಲ್ಲ. ಈ ಮಾತನ್ನು ನಂಬುವವರು ಬಸವನಗುಡಿಯ ಯಾವುದಾದರೂ ಗೇಟಿನ ಬಳಿ ನಿಂತು, ಒಂದು ಹಳೇ ಕಾರು ಕೊಳ್ಳುವ ಯೋಚನೆಯಿದೆ ಎಂದು ಸ್ವಲ್ಪ ಗಟ್ಟಿಯಾಗಿ ಹೇಳಿ ನೋಡಬೇಕು. ನಾನು ಹಾಗೆ ಹೇಳಿದ ಮರುದಿನ ಬೆಳಗ್ಗೆ ಹಾಲಿನ ಬೂತಿನವರು ಚಿಲ್ಲರೆಯ ಜೊತೆಗೆ ಅಭಿಪ್ರಾಯವನ್ನೂ ಕೊಟ್ಟರು.

"ಡೀಸೆಲ್ಲಾ ಸಾರ್? ಈಗ್ಯಾರು ಸಾರ್ ಡೀಸೆಲ್ ತಗೋತಾರೆ?"

ಎದುರು ಮನೆಯವರು ತಮ್ಮ ಕರೆಂಟಿನ ಕಾರಿಗೆ ವೈರು ಚುಚ್ಚುತ್ತ ನನ್ನ ಕಡೆ ನೋಡಿದ ನೋಟದಲ್ಲಿ ಕನಿಕರವಿತ್ತು. ಬಾಯಿಬಿಟ್ಟು ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಕಾರು ಇದ್ದದ್ದು ವೈಯಾಲಿಕಾವಲ್‌ನಲ್ಲಿ. ಫ್ರಾನ್ಸಿನ ಕಂಪನಿಯದು, ಉದ್ದನೆಯ ಡಿಕ್ಕಿಯ, ಅಗಲವಾದ ಹಿಂದಿನ ಸೀಟಿನ, ಸಂಸಾರವಂತರ ಡೀಸೆಲ್ ಗಾಡಿ. ಆ ಮಾದರಿಯನ್ನು ಈ ದೇಶದಲ್ಲಿ ಮಾರುವುದನ್ನು ಕಂಪನಿ ಎಂದೋ ಬಿಟ್ಟಿತ್ತು. ಒಡೆಯರು ನನ್ನ ಜೊತೆ ಬ್ಯಾಂಕಿನಲ್ಲಿ ಕೆಲಸ ಮಾಡಿ ನನಗಿಂತ ಮೊದಲು ನಿವೃತ್ತರಾದವರು. ಕಣ್ಣಿನ ಡಾಕ್ಟರು ಇನ್ನು ಸ್ಟಿಯರಿಂಗ್ ಮುಟ್ಟಕೂಡದೆಂದು ಹೇಳಿದ ಮೇಲೂ, ಅವರು ದಿನಾ ಬೆಳಗ್ಗೆ ಅದರಲ್ಲಿ ಕುಳಿತು ಎಂಜಿನ್ ಶುರು ಮಾಡಿ, ಪೇಪರು ಓದಿ, ಆಫ್ ಮಾಡಿ ಒಳಗೆ ಹೋಗುತ್ತಿದ್ದರು.

"ಮಾರ್ತಿದೀನಿ ಅಂತ ಅನ್ಬೇಡ್ರಿ," ಎಂದರು ಫೋನಿನಲ್ಲಿ. "ಒಂದೊಳ್ಳೆ ಮನೆಗೆ ಸೇರಿಸ್ತಿದೀನಿ ಅಷ್ಟೆ."

ನಮ್ಮದು ಒಳ್ಳೆಯ ಮನೆಯೋ ಅಲ್ಲವೋ, ಅದರಲ್ಲಿ ಆಗಲೇ ಒಂದು ಕಾರಿತ್ತು. ಚಿಕ್ಕದು, ಕೆಂಪು ಬಣ್ಣದ್ದು, ನಿಂತಲ್ಲೇ ಹತ್ತಿ ಇಳಿಯುವಷ್ಟು ಎತ್ತರದ್ದು, ಮನೆಯ ಯಾವ ಸದಸ್ಯರಿಗಿಂತಲೂ ಆರೋಗ್ಯವಾಗಿದ್ದುದು. ಅದು ಇರುವಾಗ ಇನ್ನೊಂದನ್ನು, ಅದೂ ಈ ಕಾಲದಲ್ಲಿ, ಅದೂ ಫ್ರೆಂಚಿನವರದನ್ನು ಕೊಳ್ಳಲು ಹೊರಟಿದ್ದಕ್ಕೆ ಕಾರಣ ನಮ್ಮತ್ತೆಯವರ ಮೊಣಕಾಲು.

ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ಅವರ ಮಗನ ಮನೆ ಚಾಮರಾಜಪೇಟೆಯಲ್ಲಿ, ಮಹಡಿಯ ಮೇಲೆ. ಮೊಣಕಾಲು ಮೆಟ್ಟಿಲುಗಳ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಅವರು ನೆಲಮಟ್ಟದ ನಮ್ಮ ಮನೆಗೆ ಬಂದರು. ಬಲಗಾಲನ್ನು ಒಂದು ಹದಕ್ಕಿಂತ ಹೆಚ್ಚು ಮಡಿಸಲಾಗುವುದಿಲ್ಲ. ಕೆಂಪು ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಲಾಗದ ಕಾಲಿಗೆ ಜಾಗವಿಲ್ಲ. ಕಡೆಯ ಸಲ ಮಲ್ಲೇಶ್ವರಕ್ಕೆ, ಅವರ ತಂಗಿಯ ಮನೆಗೆ, ಹೋಗಿ ಬಂದಾಗ ಅವರನ್ನು ಗೇಟಿನ ಮುಂದೆ ಇಳಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನೋವಿಗೆ ಅವರ ಮುಖ ಬಿಳುಚಿತ್ತು. ಮರುದಿನ ಅವರು ಹೊರಗೆ ಹಾಕುವ ಚಪ್ಪಲಿಯನ್ನು ತೊಳೆಸಿ, ಪೇಪರಿನಲ್ಲಿ ಸುತ್ತಿಸಿ, ಅಟ್ಟಕ್ಕೆ ಹಾಕಿಸಿದರು. "ಇನ್ಮೇಲೆ ನನ್ನನ್ನ ಎಲ್ಲಿಗೂ ಕರೀಬೇಡಿ ಅಂತ ಹೇಳು," ಎಂದರು ಮಗಳಿಗೆ. ಅಂದಿನಿಂದ ಅಕ್ಕತಂಗಿಯರು ದಿನಾ ಮಧ್ಯಾಹ್ನ ಫೋನಿನಲ್ಲೇ ಭೇಟಿಯಾಗುತ್ತಿದ್ದರು. ಮಾತು ಹುಳಿ, ಗೊಜ್ಜು, ಮಾತ್ರೆಗಳದು. ಫೋನಿಟ್ಟ ಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ನಮಗೆ ಕಾರು ಬೇಕಾದದ್ದು ಆ ಸ್ವಲ್ಪ ಹೊತ್ತಿನ ಸಲುವಾಗಿ.

ಮುಂದಿನ ಸೀಟಿನಲ್ಲಿ ಕೂರಿಸಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಕೇಳುವವರು ನಮ್ಮ ಕಡೆಯವರಲ್ಲ ಎಂದು ತಿಳಿದು, ವಿವರಿಸುತ್ತೇನೆ. ನಮ್ಮತ್ತೆ ನನ್ನ ಜೊತೆ ಮಾತನಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ಅವರ ತಾಯಿ ಅಳಿಯ ಬಂದರೆ ಬಾಗಿಲ ಹಿಂದೆ ನಿಂತು ಮಾತನಾಡುತ್ತಿದ್ದರಂತೆ. ನಮ್ಮತ್ತೆ ಹೊಸ ಕಾಲದವರು, ಬಾಗಿಲ ಹಿಂದೆಲ್ಲ ನಿಲ್ಲುವುದಿಲ್ಲ. ನನ್ನ ಎದುರಿನ ಕುರ್ಚಿಯಲ್ಲೇ ಕುಳಿತು, ನನ್ನ ಮುಖವನ್ನೇ ನೋಡುತ್ತ, ಮಗಳಿಗೆ ಹೇಳುತ್ತಾರೆ: "ಅವರಿಗೆ ಹೇಳೇ, ಕಾಫಿ ಆರೋಗತ್ತೆ." ನಾನೂ ಅವರ ಮುಖ ನೋಡಿಯೇ ಹೆಂಡತಿಗೆ ಹೇಳುತ್ತೇನೆ: "ಕುಡೀತಿದೀನಿ ಅಂತ ಹೇಳು." ನನ್ನ ಹೆಂಡತಿ ಮದುವೆಯಾದಂದಿನಿಂದ ಈ ಕೆಲಸ ಮಾಡುತ್ತಿದ್ದಾಳೆ. "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ಆಗಾಗ ರೇಗುತ್ತಾಳೆ. ಅವಳು ಮನೆಯಲ್ಲಿಲ್ಲದಾಗ ಅತ್ತೆ ಗೋಡೆಯ ಗಡಿಯಾರಕ್ಕೆ ಹೇಳುತ್ತಾರೆ: "ಬಿಸಿಲು ಜಾಸ್ತಿ ಇದ್ಹಾಗಿದೆ. ಕೊಡೆ ತಗೊಂಡು ಹೋದ್ರೆ ಒಳ್ಳೇದು." ನಾನು ಕೊಡೆ ತೆಗೆದುಕೊಂಡು ಹೋಗುತ್ತೇನೆ. ಇಷ್ಟು ವರ್ಷ ಇದರಿಂದ ಯಾರೂ ನೆನೆದಿಲ್ಲ, ಒಣಗಿಲ್ಲ. ಹೀಗಿರುವಾಗ ಅಳಿಯನ ಪಕ್ಕದಲ್ಲಿ, ಅವನ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು ಊರು ಸುತ್ತುವ ಮಾತೇ ಬರುವುದಿಲ್ಲ. ಆದ್ದರಿಂದಲೇ ಹಿಂದಿನ ಸೀಟು ದೊಡ್ಡದಾಗಬೇಕಿತ್ತು. ಅದಕ್ಕಾಗಿ ಫ್ರಾನ್ಸ್ ದೇಶ ನಮ್ಮ ನೆರವಿಗೆ ಬರಬೇಕಾಯಿತು.

ಚಾಮರಾಜಪೇಟೆಯಿಂದ ನನ್ನ ಭಾವಮೈದುನ ಭಾನುವಾರ ಬಂದ. ತಾಯಿಯನ್ನು ನೋಡಲು ಬಂದವನು ಕಾರಿನ ವಿಷಯದಲ್ಲಿ ತೀರ್ಪು ಕೊಟ್ಟೇ ಹೋಗುವುದೆಂದು ಕೂತ.

"ಭಾವ, ಸ್ಪೇರ್ಸ್ ಸಿಗಲ್ಲ. ಒಂದು ಹೆಡ್‌ಲೈಟ್ ಹೋಯ್ತು ಅಂದ್ರೆ ಪ್ಯಾರಿಸ್‌ಗೆ ಕಾಗದ ಬರೀಬೇಕು."

"ಬರೆಯೋಣ ಬಿಡೋ. ಪಿಂಚಣಿದಾರರಿಗೆ ಬೇರೆ ಏನು ಕೆಲಸ?"

"ತಮಾಷೆ ಅಲ್ಲ ಭಾವ. ಡೀಸೆಲ್ ಗಾಡೀನ ಗಾಂಧಿಬಜಾರಿಗೂ ದೇವಸ್ಥಾನಕ್ಕೂ ಓಡಿಸಿದ್ರೆ ಅದು ಕೆಮ್ಮಿ ಕೆಮ್ಮಿ ಸಾಯತ್ತೆ. ಅದಕ್ಕೆ ಹೈವೇ ಬೇಕು."

"ನಮ್ಮಮ್ಮನ್ನ ದಿನಾ ತುಮಕೂರಿಗೆ ಕರ್ಕೊಂಡು ಹೋಗ್ತಾರೆ ಬಿಡು," ಎಂದಳು ನನ್ನ ಹೆಂಡತಿ ಒಳಗಿನಿಂದ.

ಅತ್ತೆ ಬೀನ್ಸ್ ಸೋಸುತ್ತ ಕೂತಿದ್ದರು. ತಲೆಯೆತ್ತಲಿಲ್ಲ. "ನನಗೋಸ್ಕರ ಯಾರೂ ಏನೂ ತಗೋಬೇಕಾಗಿಲ್ಲ ಅಂತ ಹೇಳು," ಎಂದರು. ಆಮೇಲೆ ಸ್ವಲ್ಪ ತಡೆದು, "ಹಿಂದೆ ಕಾಲು ನೀಡಬಹುದಂತಾ?" ಎಂದರು. ಈ ಎರಡನೆಯ ಮಾತನ್ನು ಯಾರಿಗೆ ಹೇಳಬೇಕೆಂದು ಅವರು ತಿಳಿಸಲಿಲ್ಲ.

ಕಾರಿನ ಒಡೆಯರಾದ ಸ್ನೇಹಿತರು ದೊಡ್ಡ ಮನಸ್ಸಿನವರು. ಒಂದು ದಿನ ಇಟ್ಟುಕೊಂಡು ಓಡಿಸಿ ನೋಡಿ ಎಂದರು. ಶುಕ್ರವಾರ ಸಂಜೆ ನಾನು ಕಾರನ್ನು ವೈಯಾಲಿಕಾವಲ್‌ನಿಂದ ತಂದೆ. ಅದರ ಬಾಗಿಲು ಮುಚ್ಚಿದರೆ ದಪ್ ಎಂದು, ಬ್ಯಾಂಕಿನ ಸ್ಟ್ರಾಂಗ್ ರೂಮಿನಂತೆ ಸದ್ದಾಗುತ್ತಿತ್ತು. ಗುಂಡಿಗಳಿದ್ದರೂ ಇಲ್ಲವೆಂಬಂತೆ ಸಾಗುತ್ತಿತ್ತು. ಒಂದೇ ತೊಡಕೆಂದರೆ ಅದನ್ನು ಮಾಡಿದವರು ಹಾರನ್ನನ್ನು ಸ್ಟಿಯರಿಂಗಿನ ನಡುವೆ ಇಡದೆ, ಇಂಡಿಕೇಟರಿನ ಕಡ್ಡಿಯ ತುದಿಯಲ್ಲಿ ಅಡಗಿಸಿಟ್ಟಿದ್ದರು. ಮೆಜೆಸ್ಟಿಕ್ ದಾಟುವವರೆಗೆ ನಾನು ಸ್ಟಿಯರಿಂಗಿನ ಹೊಟ್ಟೆಗೆ ಗುದ್ದುತ್ತಲೇ ಬಂದೆ. ಅದು ಮೌನವಾಗಿಯೇ ಇತ್ತು. ಫ್ರಾನ್ಸಿನಲ್ಲಿ ಹಾರನ್ ಅಪರೂಪಕ್ಕೆ ಬೇಕಾಗುವ ವಸ್ತು ಇರಬಹುದು.

ಶನಿವಾರ ಬೆಳಗ್ಗೆ ನನ್ನ ಹೆಂಡತಿ ಅಟ್ಟದಿಂದ ಚಪ್ಪಲಿ ಇಳಿಸಿದಳು. ಅತ್ತೆ ನೀಲಿ ಸೀರೆ ಉಟ್ಟು, ಕೋಲೂರಿಕೊಂಡು ಬಂದು, ಹಿಂದಿನ ಬಾಗಿಲ ಹತ್ತಿರ ನಿಂತು ಸೀಟನ್ನು ಒಮ್ಮೆ ನೋಡಿದರು. ಸೀಟು ತಗ್ಗಿನಲ್ಲಿತ್ತು. ಬೆನ್ನು ಮೊದಲು ಒಳಗೆ ಹಾಕಿ, ಒಂದು ಕೈ ಬಾಗಿಲಿಗೆ, ಒಂದು ಕೈ ಮಗಳಿಗೆ ಕೊಟ್ಟು, ಕೊನೆಗೆ ಧೊಪ್ಪನೆ ಕೂತರು. ಬಲಗಾಲನ್ನು ಸೀಟಿನ ಉದ್ದಕ್ಕೂ ನೀಡಿದರು. ಕಾಲು ಪೂರ್ತಿ ಹಿಡಿಸಿತು. ಇನ್ನೂ ಒಂದು ಕೊತ್ತಂಬರಿ ಕಟ್ಟಿಗೆ ಜಾಗ ಉಳಿಯಿತು.

"ಹೇಗಿದೆ ಅಮ್ಮಾ?"

"ಚೆನ್ನಾಗಿದೆ ಅಂತ ಹೇಳು."

ನನಗೆ ಗೆದ್ದಂತಾಯಿತು. ಮೊದಲು ಗಾಂಧಿಬಜಾರು, ಆಮೇಲೆ ಎಲ್ಲ ಸರಿಹೋದರೆ ನೇರ ಮಲ್ಲೇಶ್ವರ ಎಂದು ಯೋಜನೆ. ಗಾಂಧಿಬಜಾರಿನಲ್ಲಿ ನನ್ನ ಹೆಂಡತಿ "ಚಿಕ್ಕಮ್ಮಂಗೆ ಒಂದು ಮೊಳ ಮಲ್ಲಿಗೆ ತಗೊಂಡ್ಬಂದೆ, ಇಲ್ಲೇ ಇರಿ" ಎಂದು ಇಳಿದಳು. ಇಲ್ಲೇ ಇರಲು ಟ್ರಾಫಿಕ್ ಪೊಲೀಸರು ಬಿಡಬೇಕಲ್ಲ. ಅವರು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, ಕೈ ಬೀಸಿದರು. ನಾನು ಮುಂದೆ ಹೋದೆ. ಮುಂದೆ ಹೋದವನು ತಿರುಗಿ ಬರಬೇಕಾದರೆ ಅಲ್ಲೆಲ್ಲ ಒನ್‌ವೇ. ಹೀಗೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ನಾನೂ ನಮ್ಮತ್ತೆಯೂ ನಡುವೆ ಹೆಂಡತಿಯಾಗಲಿ ಗೋಡೆ ಗಡಿಯಾರವಾಗಲಿ ಇಲ್ಲದೆ ಒಂದೇ ಕಡೆ ಸಿಕ್ಕಿಹಾಕಿಕೊಂಡೆವು.

ಬುಲ್ ಟೆಂಪಲ್ ರಸ್ತೆ ಸೇರಿದ ಮೇಲೆ ಪಕ್ಕದ ಖಾಲಿ ಸೀಟಿನ ತಲೆದಿಂಬನ್ನು ಉದ್ದೇಶಿಸಿ ಹಿಂದಿನಿಂದ ಮಾತು ಬಂತು.

"ಈ ಕಾರು ಬೇಡ ಅನ್ಸತ್ತೆ."

ನಾನು ತಲೆದಿಂಬು ಉತ್ತರಿಸಲೆಂದು ಸ್ವಲ್ಪ ಕಾದೆ. ಅದು ಉತ್ತರಿಸಲಿಲ್ಲ.

"ಯಾಕೆ?" ಎಂದೆ, ಗಾಜಿನ ಕಡೆಗೆ.

"ಕೂರಕ್ಕೆ ಚೆನ್ನಾಗಿದೆ. ಏಳಕ್ಕಾಗಲ್ಲ. ಬಾವಿಲಿ ಕೂತ ಹಾಗಿದೆ."

"ಯಾವಾಗ ಗೊತ್ತಾಯ್ತು?"

"ಕೂತ ಕೂಡ್ಲೇ."

"ಹೇಳಬಹುದಿತ್ತಲ್ಲ!"

"ಯಾರ ಹತ್ರ ಹೇಳ್ಲಿ? ಅವಳಿಗೆ ಹೇಳಿದ್ರೆ ಅವಳು ನಿಮಗೆ ಹೇಳ್ತಿದ್ಲು. ನೀವು ಆಗ್ಲೇ ಕಾರ್ ವಾಪಸ್ ಬಿಟ್ಟು ಬರ್ತಿದ್ರಿ. ನಾನು ಇಲ್ಲೀವರೆಗೆ ಬರೋದೂ ತಪ್ಪತಿತ್ತು."

ನಿಮಗೆ, ನೀವು. ನನ್ನ ಕಿವಿಗೆ ಅದು ಬಿದ್ದದ್ದು ಗವಿಪುರದ ಕಡೆಗೆ ತಿರುಗುವ ಹೊತ್ತಿಗೆ. ಎದುರಿಗೊಂದು ಸ್ಕೂಟರ್ ನುಗ್ಗಿತು. ಹಾರನ್ ಮಾಡಲು ಹೋಗಿ ಎಡಕ್ಕೆ ಇಂಡಿಕೇಟರ್ ಹಾಕಿದೆ. ಸ್ಕೂಟರಿನವನು ಬೈದ. ಹಿಂದಿನಿಂದ ಸಣ್ಣಗೆ ನಗು ಕೇಳಿಸಿತು.

"ಮೂರನೇ ಸಲ," ಎಂದರು ಅತ್ತೆ. "ಅದು ಕಡ್ಡಿ ತುದೀಲಿದೆ ಅಂತ ಬೆಳಗ್ಗೆಯಿಂದ ನೀವೇ ಹೇಳ್ತಿದೀರಿ."

ಈ ಪ್ರಮಾಣದ ಸಂಭಾಷಣೆಗೆ ನನ್ನಲ್ಲಿ ಸಿದ್ಧತೆಯಿರಲಿಲ್ಲ. ಮರದ ನೆರಳಿರುವ ಕಡೆ ಕಾರು ನಿಲ್ಲಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಎಳನೀರಿನ ಗಾಡಿ, ಗೇಟಿನ ಮುಂದೆ ನೀರು ಹಾಕುತ್ತಿದ್ದ ಹೆಂಗಸು, ಮನೆ ಕೆಡವಿದ ಜಾಗದಲ್ಲಿ ನಾಲ್ಕು ಮಹಡಿ ಎದ್ದದ್ದು, ಎಲ್ಲವನ್ನೂ ನಿಧಾನವಾಗಿ, ಊಟ ಮಾಡುವಂತೆ, ನೋಡಿದರು.

"ಹಾಗಾದ್ರೆ ಮಲ್ಲೇಶ್ವರ?" ಎಂದೆ. ಅದೊಂದೇ ನನಗಿದ್ದ ಚಿಂತೆ. ಕಾರು ಬೇಡವೆಂದರೆ ಚಪ್ಪಲಿ ಮತ್ತೆ ಅಟ್ಟಕ್ಕೆ ಹೋಗುತ್ತದೆ.

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಸರಿಮಾಡಿದರು.

"ನಮ್ಮ ಕೆಂಪು ಕಾರಲ್ಲಿ ಮುಂದಿನ ಸೀಟು ಎತ್ತರ ಇದೆ ಅಲ್ವಾ?"

"ಇದೆ."

"ಅದನ್ನ ಹಿಂದಕ್ಕೆ ತಳ್ಳಿದ್ರೆ ಕಾಲು ನೀಡಬಹುದು. ಅವಳು ಕೂತಾಗ ನೋಡಿದೀನಿ."

"ನೀಡಬಹುದು."

"ನಿಮಗೆ ಸಂಕೋಚ ಆಗತ್ತೇನೋ ಅಂತ ನಾನು ಯಾವತ್ತೂ ಕೇಳ್ಲಿಲ್ಲ."

"ನನಗೆಂಥ ಸಂಕೋಚ? ನಿಮಗೇ ಸರಿಹೋಗಲ್ವೇನೋ ಅಂತ ನಾನು ಹೇಳ್ಲಿಲ್ಲ."

"ನಂಗೂ ಸಂಕೋಚ ಇತ್ತು," ಎಂದರು ಅತ್ತೆ ಪ್ರಾಮಾಣಿಕವಾಗಿ. "ಆದ್ರೆ ಮೊಣಕಾಲು ಅದಕ್ಕಿಂತ ಜಾಸ್ತಿ ಆಯ್ತು."

ಇಬ್ಬರೂ ಇನ್ನೊಬ್ಬರ ಮರ್ಯಾದೆ ಕಾಯಲು ಹೋಗಿ, ತಿಂಗಳುಗಟ್ಟಲೆ ಒಬ್ಬ ಹೆಂಗಸನ್ನು ತನ್ನ ತಂಗಿಯಿಂದ ದೂರ ಇಟ್ಟಿದ್ದೆವು, ನಡುವೆ ಒಂದು ಪರದೇಶದ ಕಾರನ್ನೂ ಎಳೆದು ತಂದಿದ್ದೆವು. ನನ್ನ ಫೋನು ಬಡಿದುಕೊಂಡಿತು. ಹೆಂಡತಿ.

"ಎಲ್ಲಿದೀರಾ? ಹೂವು ಬಾಡ್ತಿದೆ ಇಲ್ಲಿ!"

"ಬರ್ತಿದೀವಿ."

"ಅಮ್ಮ ಸರಿಯಾಗಿದಾಳಾ? ಏನಾದ್ರೂ ಬೇಕಾ ಅವಳಿಗೆ?"

ನಾನು ಕನ್ನಡಿಯಲ್ಲಿ ನೋಡಿದೆ. ಅತ್ತೆ ಏನೂ ಬೇಡವೆಂದು ತಲೆಯಾಡಿಸಿ, ಮೆಲ್ಲಗೆ ನನಗೇ ಹೇಳಿದರು: "ಇನ್ನೊಂದು ರೌಂಡು ಹಾಕ್ಕೊಂಡು ಹೋಗೋಣ. ಪೊಲೀಸು ಬಿಡ್ಲಿಲ್ಲ ಅಂತ ಹೇಳಿ."

ಹಾಗೆಯೇ ಹೇಳಿದೆ. ಹಾಗೆಯೇ ಹಾಕಿದೆವು. ಆಮೇಲೆ ಹೆಂಡತಿಯನ್ನು ಹತ್ತಿಸಿಕೊಂಡು ಕಾರನ್ನು ಮನೆಯ ಕಡೆಗೆ ತಿರುಗಿಸಿದೆ.

ಮನೆಯ ಮುಂದೆ ಅವರನ್ನು ಬಾವಿಯಿಂದ ಎತ್ತಲು ಒಂದು ಕೈ ಮಗಳು ಹಿಡಿದಳು, ಒಂದು ಕೈ ನಾನು. ಅಲ್ಲಿಯವರೆಗೆ ನಾನು ಅವರ ಕಾಲಿಗೆ ನಮಸ್ಕಾರ ಮಾಡಿದ್ದೇನೆಯೇ ಹೊರತು ಕೈ ಹಿಡಿದಿರಲಿಲ್ಲ. ಎರಡನೇ ಪ್ರಯತ್ನಕ್ಕೆ ಅವರು ಎದ್ದು ನಿಂತು, ಉಸಿರು ತಂದುಕೊಂಡು, ಮಗಳ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಅವರಿಗೆ ಹೇಳು, ಚಿಕ್ಕ ಕಾರು ತೆಗೀಬೇಕಂತೆ. ನಾನು ಮುಂದೆ ಕೂತ್ಕೋತೀನಿ."

ನನ್ನ ಹೆಂಡತಿ ನನ್ನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಕೈಯಲ್ಲಿದ್ದ ಮಲ್ಲಿಗೆಯನ್ನು ಹಿಡಿದುಕೊಂಡು ತಾನೇ ಹೋಗಿ ಕೆಂಪು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಮಲ್ಲೇಶ್ವರದವರೆಗೂ ಅವಳಿಗೆ ಮಾತಾಡಲು ಸಂದು ಸಿಗಲಿಲ್ಲ. ಮುಂದಿನ ಸೀಟಿನಿಂದ ನನಗೆ ಗೇರ್ ಬದಲಾಯಿಸುವುದರ ಬಗ್ಗೆ ಸಲಹೆಗಳು ಬರುತ್ತಿದ್ದವು. ಅಲ್ಲಿ ತಂಗಿ ಬಾಗಿಲಲ್ಲೇ ನಿಂತಿದ್ದರು. ಅಕ್ಕತಂಗಿಯರು ಒಬ್ಬರ ಮೊಣಕಾಲನ್ನು ಇನ್ನೊಬ್ಬರು ವಿಚಾರಿಸಿಕೊಂಡು ಒಳಗೆ ಹೋದರು. ಸಂಜೆಯವರೆಗೆ ನಾವು ಅವರಿಗೆ ನೆನಪಾಗಲಿಲ್ಲ.

ಭಾನುವಾರ ನಾನು ಫ್ರೆಂಚ್ ಕಾರನ್ನು ವೈಯಾಲಿಕಾವಲ್‌ಗೆ ವಾಪಸು ಬಿಟ್ಟೆ.

"ಏನ್ರೀ, ಮೈಲೇಜ್ ಬರ್ಲಿಲ್ವಾ?" ಎಂದರು ಸ್ನೇಹಿತರು, ಬೀಗದ ಕೈಯನ್ನು ಮುಟ್ಟಿ ನೋಡುತ್ತ. ಅವರ ದನಿಯಲ್ಲಿ ಬೇಸರಕ್ಕಿಂತ ಸಮಾಧಾನ ಹೆಚ್ಚಿತ್ತು ಎಂದು ನನ್ನ ಅನುಮಾನ.

"ಮೈಲೇಜ್ ಚೆನ್ನಾಗಿದೆ. ನಮ್ಮತ್ತೆಗೆ ಸೀಟು ತಗ್ಗಾಯ್ತು."

"ಅಯ್ಯೋ, ಒಂದು ದಿಂಬು ಹಾಕ್ಬಹುದಿತ್ತಲ್ರೀ!"

ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆದರೆ ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಕಾರು ಕೊಳ್ಳಲಿಲ್ಲ.