ಹಿಂದಿನ ಸೀಟಿನ ಚೀಟಿ

ಡೆಟ್ರಾಯ್ಟ್‌ನ ಪೂರ್ವದ ಬೀದಿಗಳಲ್ಲಿ ಹಳೇ ಕಾರಿನ ಹುಚ್ಚಿರುವ ಯಾರನ್ನು ಕೇಳಿದರೂ ಕಾಜ್ ಗ್ರಾಬೊವ್‌ಸ್ಕಿಯ ಮನೆ ತೋರಿಸುತ್ತಿದ್ದರು. ಎಪ್ಪತ್ತೊಂದರ ಮುದುಕ. ಕಾರು ಜೋಡಿಸುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದ. ಅದು ಮುಚ್ಚಿದ ಮೇಲೆ ಶಾಲಾ ಬಸ್ಸುಗಳ ರಿಪೇರಿ ಮಾಡಿ ತನ್ನ ಮಕ್ಕಳನ್ನು ದಡ ಸೇರಿಸಿದ. ಈಗ ಅವನ ಕೆಲಸ ನಂಬರು ಓದುವುದು. ಅರವತ್ತು, ಎಪ್ಪತ್ತರ ದಶಕದ ಆ ಗುಡುಗುವ ಕಾರುಗಳಿಗೆಲ್ಲ ಮುಂದಿನ ಗಾಜಿನಡಿಯ ತಗಡಿನಲ್ಲಿ ಹದಿಮೂರು ಅಂಕೆ, ಅಕ್ಷರಗಳಿರುತ್ತವಲ್ಲ, ಅವನ್ನು ನೋಡಿ ಕಾರು ಯಾವ ವರ್ಷದ್ದು, ಯಾವ ಕಾರ್ಖಾನೆಯದ್ದು, ಹುಟ್ಟುವಾಗ ಎಂಥ ಎಂಜಿನ್ ಹೊತ್ತಿತ್ತು, ಎಷ್ಟನೆಯ ಸರದಿಯಲ್ಲಿ ಹೊರಬಿತ್ತು ಎಂದು ಪಟಪಟನೆ ಹೇಳುತ್ತಿದ್ದ.

ಸಣ್ಣ ಎಂಜಿನ್ನಿನ ಬಡಪಾಯಿ ಕಾರಿಗೆ ದೊಡ್ಡದರ ವೇಷ ಹಾಕಿ ಮಾರುವವರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನಿಗೂ ಕೊಬ್ಬು ಕಡಿಮೆಯೇನಿರಲಿಲ್ಲ ಅನ್ನಿ. ಪ್ರತಿ ಪ್ರದರ್ಶನದಲ್ಲೂ ಅದೇ ರಾಗ: ತಗಡು ಕಿತ್ತು ಬೇರೆಯದು ಬಡಿಯಬಹುದು, ಬಣ್ಣ ಬಳಿಯಬಹುದು, ಆದರೆ ಜೋಡಣೆಯ ಸಾಲಿನಲ್ಲಿ ಕಾರಿನ ಜೊತೆ ಬಂದು ಸೀಟಿನ ಸ್ಪ್ರಿಂಗಿನೊಳಗೆ ಉಳಿದ ನಂಬರಿನ ಚೀಟಿ ಇದೆಯಲ್ಲ, ಅದೇ ಕಾರಿನ ಜಾತಕ, ಅದು ಸುಳ್ಳು ಹೇಳುವುದಿಲ್ಲ. ಅವನ ಹೆಂಡತಿ ಯಾದ್ವಿಗಾ ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಅರ್ನೆಟಾ ಪಿಕೆನ್ಸ್ ಅಂಥದೇ ಚೀಟಿಯೊಂದನ್ನು ಹಿಡಿದು ಅವರ ಅಡುಗೆಮನೆಯಲ್ಲಿ ಕೂತಿದ್ದಳು. ಎರಡು ಬೀದಿ ಆಚೆಯವಳು. ಗಂಡ ಓಡೆಲ್ ಜನವರಿಯಲ್ಲಿ ತೀರಿಕೊಂಡಿದ್ದ. ಅವನ ಎಪ್ಪತ್ತರ ಮಾದರಿಯ ಕಿತ್ತಳೆ ಕಾರನ್ನು ತನ್ನ ಹೆಸರಿಗೆ ಮಾಡಿಸಲು ಹೋದರೆ, ಮಾಸಿದ ಒಡೆತನದ ಪತ್ರದಲ್ಲಿ ನಂಬರಿನ ಕೊನೆಯ ಅಂಕೆ ಅಳಿಸಿಹೋಗಿತ್ತು. ಹಾಗಾಗಿ ಪೊಲೀಸರು ಬಂದು ಕಾರನ್ನು ಖುದ್ದಾಗಿ ನೋಡಬೇಕೆಂದಿದ್ದರು. ಅವರು ಬರುವ ಮೊದಲು ಗುಡಿಸಿಡೋಣವೆಂದು ಎರಡೂವರೆ ವಾರದ ಹಿಂದೆ ಹಿಂದಿನ ಸೀಟು ಎತ್ತಿದರೆ ಈ ಚೀಟಿ.

"ತಗಡಲ್ಲಿ ನಂಬರು ನಾನೂರ ಹದಿನೇಳಕ್ಕೆ ಮುಗಿಯುತ್ತೆ, ಮಿಸ್ಟರ್ ಕಾಜ್. ಇದ್ರಲ್ಲಿ ನಾನೂರ ಹದಿನೆಂಟು. ತಗಡಲ್ಲಿ ಐದನೇ ಅಕ್ಷರ ವಿ. ಇದ್ರಲ್ಲಿ ಜಿ. ಹಂಗಂದ್ರೇನು ಅಂತ ನಂಗೊತ್ತು, ಮೂವತ್ತು ವರ್ಷ ಕೇಳಿದೀನಿ. ವಿ ಅಂದ್ರೆ ದೊಡ್ಡ ಎಂಜಿನ್ನು, ಜಿ ಅಂದ್ರೆ ತರಕಾರಿ ತರೋ ಕಾರು."

"ಕಾಫಿ ಆರ್ತಾ ಇದೆ, ಕುಡಿ ಅರ್ನೆಟಾ," ಎಂದಳು ಯಾದ್ವಿಗಾ.

"ನೀವೇ ಹೇಳ್ತೀರಲ್ಲ ಮಿಸ್ಟರ್ ಕಾಜ್, ಚೀಟಿ ಸುಳ್ಳು ಹೇಳಲ್ಲ ಅಂತ. ಹಂಗಾದ್ರೆ ಸುಳ್ಳು ಹೇಳಿದ್ದು ಓಡೆಲ್ಲಾ? ಬೇರೆ ಕಾರಿನ ತಗಡು ತಂದು ಹೊಡ್ದಿದ್ನಾ? ಅದು ಜೈಲಿಗೆ ಹಾಕೋ ಕೆಲಸ. ಹನ್ನೊಂದು ಗಂಟೆಗೆ ಪೊಲೀಸು ಬರ್ತಾನೆ. ಕಾರು ಎಳ್ಕೊಂಡು ಹೋಗ್ಲಿ ಬೇಕಾದ್ರೆ. ಸತ್ತೋನ ಹೆಸರನ್ನ ಕಳ್ಳರ ಪಟ್ಟಿಗೆ ಸೇರಿಸ್ತಾರಲ್ಲ, ಅದನ್ನ ನಾನು ಹೆಂಗೆ ತಡ್ಕೊಳ್ಳಿ?"

ಕಾಜ್ ಚೀಟಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದ. ಚೀಟಿಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಗೀಟೊಂದಿತ್ತು, ಕೊಕ್ಕೆಯಂತೆ ಬಾಲ ತಿರುವಿದ್ದು. ಎಪ್ಪತ್ತರಲ್ಲಿ ಎರಡನೆಯ ಪಾಳಿಯಲ್ಲಿ ಹಿಂದಿನ ಸೀಟು ಕೂರಿಸುತ್ತಿದ್ದವನು ಅವನೇ. ಆ ಗೀಟು ಅವನದೇ.

ಅಲ್ಲಿನ ಕ್ರಮ ಹೊರಗಿನವರಿಗೆ ಗೊತ್ತಿರಲಿಲ್ಲ. ಸೀಟುಗಳು ಮೇಲಿನ ಮಹಡಿಯಿಂದ ಚೀಟಿ ಸಮೇತ ಸರದಿಯಲ್ಲಿ ಇಳಿದುಬರುತ್ತಿದ್ದವು. ಚೀಟಿ ನೋಡಿ, ಕಾರಿನ ನಂಬರಿಗೆ ಹೋಲಿಸಿ, ಗೀಟು ಹಾಕಿ, ಆಮೇಲೆ ಅದನ್ನು ಕಸದ ಡಬ್ಬಿಗೆ ಹಾಕಬೇಕು. ಡಬ್ಬಿ ಇಪ್ಪತ್ತು ಹೆಜ್ಜೆ ದೂರ. ನಿಮಿಷಕ್ಕೊಂದು ಕಾರು ಬರುವಾಗ ಯಾವನು ನಡೆಯುತ್ತಾನೆ? ಗೀಟೆಳೆದು ಸ್ಪ್ರಿಂಗಿನೊಳಗೆ ತುರುಕಿಬಿಡುತ್ತಿದ್ದರು. ಸಾಲಿನಿಂದ ಒಂದು ಸೀಟನ್ನು ರಿಪೇರಿಗೆಂದು ಪಕ್ಕಕ್ಕೆ ಎಳೆದರೆ ಸರದಿ ಒಂದು ಜಾರಿ, ಹಿಂದೆ ಬರುವ ಕಾರಿನ ಸೀಟು ಚೀಟಿ ಸಮೇತ ಮುಂದಿನ ಕಾರಿಗೆ ಕೂರುತ್ತಿತ್ತು. ಒಂದೇ ಬಣ್ಣದ, ಒಂದೇ ಥರದ ಸೀಟು ಸಾಲಾಗಿ ಬಂದಾಗ, ಎಲ್ಲಾ ಒಂದೇ ಬಿಡು ಎಂದು ಕಾಜ್ ಹೋಲಿಸದೆಯೇ ಗೀಟೆಳೆದ ದಿನಗಳು ಎಷ್ಟೋ. ಇಪ್ಪತ್ತು ವರ್ಷ ಜಾತಕ ಜಾತಕ ಎಂದು ಊರೆಲ್ಲ ಸಾರುವಾಗ ಈ ಮಹಾನುಭಾವನಿಗೆ ಅದೊಂದು ನೆನಪಾಗಿರಲಿಲ್ಲ ನೋಡಿ.

ಆದರೆ ಆಗ ಹೇಳಿಬಿಡುವ ಧೈರ್ಯವೂ ಅವನಿಗಿರಲಿಲ್ಲ. ಓಡೆಲ್ ನಿಜವಾಗಿಯೂ ತಗಡು ಬದಲಿಸಿದ್ದರೆ? ಸುಮ್ಮನೆ ಆಸೆ ಹುಟ್ಟಿಸಿ ಆಮೇಲೆ ಕಿತ್ತುಕೊಂಡಂತಾದೀತು. ಕಾರಿನ ಮೈಯನ್ನೇ ಕೇಳಬೇಕಿತ್ತು.

"ನಡೀರಿ, ಮಿಸೆಸ್ ಪಿಕೆನ್ಸ್. ಕಾರು ನೋಡೋಣ," ಎಂದ.

"ಕೋಟು ಹಾಕ್ಕೊ ಮುದುಕ," ಎಂದಳು ಯಾದ್ವಿಗಾ. "ಮುಖ ಯಾಕೆ ಹಂಗೆ ಬಿಳುಚಿದೆ?"

ಅವರು ಅರ್ನೆಟಾಳ ಮನೆಗೆ ಹೋಗುವಷ್ಟರಲ್ಲಿ ಪೊಲೀಸ್ ಅಧಿಕಾರಿ ಮರ್ಕಲ್ ಶೆಡ್ಡಿನ ಮುಂದೆ ನಿಂತಿದ್ದ. ಕಾಜ್‌ನ ಹೆಸರು ಅವನಿಗೂ ಗೊತ್ತಿತ್ತು. ಅರ್ನೆಟಾ ಏನನ್ನೂ ಮುಚ್ಚಿಡಲಿಲ್ಲ. ಚೀಟಿಯನ್ನು ನೇರ ಅವನ ಕೈಗೇ ಕೊಟ್ಟಳು. ಅವನು ಅದನ್ನೂ ತಗಡನ್ನೂ ಮೂರು ಸಲ ನೋಡಿ ಹುಬ್ಬು ಗಂಟಿಕ್ಕಿದ.

"ಇದು ಸರಿ ಇಲ್ವಲ್ಲ, ಮೇಡಂ."

"ಸ್ವಲ್ಪ ತಡೀರಿ ಆಫೀಸರ್," ಎಂದ ಕಾಜ್. "ಮೈಮೇಲೂ ನಂಬರು ಒತ್ತಿರ್ತಾರೆ, ಎರಡು ಕಡೆ. ಅದನ್ನ ನೋಡದೆ ಏನೂ ಬರೀಬೇಡಿ."

ಮೊದಲು ಮುಂಭಾಗ. ರೇಡಿಯೇಟರ್ ಹಿಡಿದುಕೊಳ್ಳುವ ಪಟ್ಟಿಯನ್ನು ಬಟ್ಟೆಯಿಂದ ಉಜ್ಜಿದ. ನುಣ್ಣಗಿತ್ತು, ನಂಬರಿರಲಿಲ್ಲ. ಪಟ್ಟಿಯೇ ಹೊಸದು.

"ಎಂಬತ್ತಾರರಲ್ಲಿ ಜಿಂಕೆಗೆ ಗುದ್ದಿದ್ದ," ಎಂದಳು ಅರ್ನೆಟಾ. ಅವಳ ದನಿಯಲ್ಲಿ ಜೀವವಿರಲಿಲ್ಲ.

"ಜಿಂಕೆ," ಎಂದು ಮರ್ಕಲ್ ಬರೆದುಕೊಂಡ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ಉಳಿದದ್ದು ಡಿಕ್ಕಿಯ ಅಂಚು. ಮಳೆನೀರು ತಡೆಯುವ ರಬ್ಬರಿನ ಕೆಳಗೆ ಒತ್ತಿರುತ್ತಾರೆ. ಕಾಜ್ ಮಂಡಿಯೂರಿ ರಬ್ಬರು ಬಿಡಿಸತೊಡಗಿದ. ಅಂಟು ಕಲ್ಲಾಗಿತ್ತು, ಅದರ ಕೆಳಗೆ ಕೆಂಪಗೆ ತುಕ್ಕು. ಚಾಕುವಿನಿಂದ ಕೆರೆದರೆ ಅಂಕೆಯೇ ಹಾರಿಹೋಗುವ ಭಯ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಹಸುಗೂಸಿನ ಮೈ ಒರೆಸುವಷ್ಟು ಮೆಲ್ಲಗೆ ಒರೆಸಿದ. ಒರೆಸುತ್ತ ಒಂದೇ ಪ್ರಾರ್ಥನೆ: ಸಂತ ಆಂತೋಣಿಯೇ, ತಪ್ಪು ನನ್ನದೇ ಆಗಿರಲಿ. ಜೀವಮಾನದಲ್ಲಿ ಅವನು ಇಂಥದ್ದನ್ನು ಬೇಡಿಕೊಂಡದ್ದು ಅದೇ ಮೊದಲು.

ಕಣ್ಣಿಗೆ ಏನೂ ಸ್ಪಷ್ಟವಾಗಲಿಲ್ಲ. ತೆಳುವಾದ ಕಾಗದವನ್ನು ಅಂಚಿನ ಮೇಲಿಟ್ಟು ಬಡಗಿಯ ಪೆನ್ಸಿಲನ್ನು ಅಡ್ಡ ಹಿಡಿದು ತೀಡಿದ. ಬೂದು ಬಣ್ಣದಲ್ಲಿ ಒಂದೊಂದೇ ಅಂಕೆ ಬಿಳಿಯಾಗಿ ಎದ್ದುಬಂತು. ವರ್ಷ, ಕಾರ್ಖಾನೆಯ ಅಕ್ಷರ, ಒಂದು, ಎಂಟು, ಎರಡು. ಆಮೇಲೆ ನಾಲ್ಕು, ಒಂದು. ಕೊನೆಯದರ ಮೇಲೆ ತುಕ್ಕಿನ ಹಕ್ಕಳೆ ಕೂತಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ ಇನ್ನೊಂದು ಕಾಗದ ಇಟ್ಟು ಮತ್ತೆ ತೀಡಿದ. ಎರಡೇ ಗೆರೆ. ಮೇಲೊಂದು ಅಡ್ಡಗೆರೆ, ಅದರಿಂದ ಕೆಳಕ್ಕೆ ಓರೆಯಾಗಿ ಇಳಿದ ಕಾಲು.

"ಏಳು," ಎಂದ ಮರ್ಕಲ್, ಅವನ ಹೆಗಲ ಮೇಲಿಂದ ಬಗ್ಗಿ. "ನಾನೂರ ಹದಿನೇಳು. ಮೈಯೂ ತಗಡೂ ಒಂದೇ."

ಎಂಜಿನ್ನಿನ ಪಕ್ಕದ ಜಿಡ್ಡು ಒರೆಸಿ ಅಲ್ಲೂ ನೋಡಿದರು. ಅಲ್ಲೂ ನಾನೂರ ಹದಿನೇಳೇ. ಅರ್ನೆಟಾ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟಳು.

"ಹಂಗಾದ್ರೆ ಈ ಚೀಟಿ ಎಲ್ಲಿಂದ ಬಂತು?" ಎಂದ ಮರ್ಕಲ್.

ಕಾಜ್ ಮೊಣಕಾಲಿನ ಧೂಳು ಕೊಡವದೆ ಅಲ್ಲೇ ಕೂತು ಹೇಳಿದ. ಇಪ್ಪತ್ತು ಹೆಜ್ಜೆ ದೂರದ ಡಬ್ಬಿ, ಜಾರಿದ ಸರದಿ, ಕೆಂಪು ಗೀಟು, ಒಂದನ್ನೂ ಬಿಡಲಿಲ್ಲ. ನಂಬಿಕೆ ಬರಲೆಂದು ಕಾಗದದ ಮೇಲೆ ಅದೇ ಕೊಕ್ಕೆ ಗೀಟು ಎಳೆದು ತೋರಿಸಿದ. ಮರ್ಕಲ್ ನಕ್ಕು, ಅರ್ನೆಟಾಳ ಪತ್ರದ ಮೇಲೆ ಸಹಿ ಮಾಡಿ, ಕಾರು ಅಪ್ಪಟವಾದದ್ದೆಂದು ಬರೆದುಕೊಟ್ಟು ಹೊರಟುಹೋದ.

"ಸುಳ್ಳು ಹೇಳಿದ್ದು ಓಡೆಲ್ ಅಲ್ಲ ಮಿಸೆಸ್ ಪಿಕೆನ್ಸ್," ಎಂದ ಕಾಜ್. "ನಾನು. ಅವನು ಕಾರು ಕೊಳ್ಳೋಕ್ ಮುಂಚೆನೇ ಹೇಳಿಟ್ಟಿದ್ದೆ." ಬಯ್ಯಲಿ, ಬೇಕಾದ್ದನ್ನು ಅನ್ನಲಿ ಎಂದು ತಲೆತಗ್ಗಿಸಿದ.

ಅರ್ನೆಟಾ ಭುಜ ಕುಲುಕಿಸಿ ನಗತೊಡಗಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಹದಿನೆಂಟು ದಿನ ಮಿಸ್ಟರ್ ಕಾಜ್. ಈ ಚೀಟಿ ಸಿಕ್ಕಿ ಹದಿನೆಂಟು ದಿನ. ಅಲ್ಲಿವರೆಗೂ ದಿನಾ ಅವನ ಸಮಾಧಿ ಹತ್ರ ಹೋಗ್ತಿದ್ದೆ. ಸಿಕ್ಕಿದ ಮೇಲೆ ಒಂದಿನಾನೂ ಹೋಗಿಲ್ಲ. ಅಷ್ಟು ಸಿಟ್ಟು ಬಂದಿತ್ತು ಅವನ ಮೇಲೆ. ನೀವು ಇಪ್ಪತ್ತು ಹೆಜ್ಜೆ ನಡೀಲಿಲ್ಲ ಅಂತ."

"ತಪ್ಪಾಯ್ತಮ್ಮ."

"ನಂಗಲ್ಲ ಹೇಳ್ಬೇಕಾದ್ದು." ಅವಳು ಎದ್ದು ಕಾರಿನ ಬಾಗಿಲು ತೆಗೆದು ಸ್ಟಿಯರಿಂಗಿನ ಮುಂದೆ ಕೂತಳು. "ನಾನೂ ಅವನ ಹತ್ರ ತಪ್ಪಾಯ್ತು ಅನ್ನೋದಿದೆ. ಹತ್ತಿ. ಒಟ್ಟಿಗೇ ಹೋಗಿ ಕೇಳ್ಕೊಳ್ಳೋಣ."