ವನಗೂರು ಜೀಪಿನ ಮುಂದಿನ ಸೀಟು

ವನಗೂರಿಗೆ ಹೊರಟ ಬಾಡಿಗೆ ಜೀಪಿನಲ್ಲಿ ಮುಂದಿನ ಸೀಟು ಹಿಡಿದಿದ್ದೆ.

"ಜೀಪು ಓಡ್ಸಕ್ಕೆ ಬತ್ತದಾ ಸಾರ್?" ಎಂದ ಡ್ರೈವರ್. ಇಲ್ಲವೆಂದೆ.

"ಹಂಗಾರೆ ಹಿಂದ್ಕೆ ಕೂತ್ಕಳಿ. ಈ ಏರಲ್ಲಿ ಪಕ್ಕದಲ್ಲಿ ಓಡ್ಸೋರೇ ಇರ್ಬೇಕು."

ನನ್ನ ಜಾಗಕ್ಕೆ ಜೀಪು ಓಡಿಸಲು ಬರುವ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಬಂದರು. ಮೂವತ್ತೈದು ತುಂಬಿದವರು ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಬಹುದು, ಐವತ್ತಾದ ನನಗೆ ಈ ಸೀಟಿಗೆ ಅರ್ಹತೆಯಿಲ್ಲ ಎಂದು ಗೊಣಗುತ್ತ ಏಲಕ್ಕಿ ಚೀಲ ಹಿಡಿದಿದ್ದ ಅಜ್ಜಿಯ ಪಕ್ಕ ಕೂತೆ.

ಗೊಣಗಿದ್ದು ರೈಟರಿಗೆ ಕೇಳಿಸಿತು. "ರಾಷ್ಟ್ರಪತಿ ಮಧ್ಯದಲ್ಲೇ ರಾಜೀನಾಮೆ ಕೊಟ್ಬುಟ್ರೆ?"

ರಾಜ್ಯಶಾಸ್ತ್ರದ ಮೇಷ್ಟ್ರಾದ ನಾನು ಚುರುಕಾದೆ. ಹೊಸಬರು ಬರುವವರೆಗೆ ಆ ಅಧಿಕಾರವೆಲ್ಲ ಉಪರಾಷ್ಟ್ರಪತಿಗಳದು ಎಂದೆ.

"ಅವ್ರೂ ಇಲ್ದಿದ್ರೆ?" ಅಜ್ಜಿ ಕೇಳಿದರು.

"ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು. ಕುರ್ಚಿ ಖಾಲಿ ಬಿಡೋ ಹಾಗಿಲ್ಲ."

ಕಡಿದಾದ ತಿರುವಿನಲ್ಲಿ ಡ್ರೈವರನ ಮೀನಖಂಡ ಹಿಡಿದುಕೊಂಡಿತು. ಬ್ರೇಕ್ ಒತ್ತಲಾಗದೆ ಜೀಪು ಹಿಂದಕ್ಕೆ ಜಾರಿತು. ರೈಟರ್ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ಆಮೇಲೆ ಡ್ರೈವರನನ್ನು ಪಕ್ಕಕ್ಕೆ ಕೂರಿಸಿ, ತಾವೇ ಓಡಿಸಿ ಮೇಲೆ ತಲುಪಿಸಿದರು.

ವನಗೂರಿನಲ್ಲಿ ಇಳಿದಾಗ ಹೋದ ಜೀವ ಬಂದಂತಾಯಿತು. "ರೈಟರೂ ಇಲ್ಲದಿದ್ದರೆ ನಮ್ಮ ಗತಿ ಏನಜ್ಜಿ?" ಎಂದೆ.

ಅಜ್ಜಿ ಚೀಲ ಇಳಿಸಿಕೊಳ್ಳುತ್ತ ಹೇಳಿದರು: "ನಾನಿರ್ಲಿಲ್ವೇನಪ್ಪ? ನಮ್ ತೋಟದ ಜೀಪು ಓಡ್ಸೋದು ನಾನೇ. ಇವತ್ತು ಅದು ಗ್ಯಾರೇಜಲ್ಲೈತೆ, ಅಷ್ಟೇ."