ಎತ್ತಿನ ಮೇಲೆ ತಪ್ಪು

ವಿಜಯಪುರದ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಾದ ನಾನು ಗಾಯ ನೋಡಿದರಷ್ಟೇ ಸಾಲದು, ಅದು ಹೇಗಾಯಿತೆಂಬುದಕ್ಕೆ ಒಂದು ಕೋಡ್ ನಂಬರನ್ನೂ ಕಂಪ್ಯೂಟರಿಗೆ ಹಾಕಬೇಕು. ಅವತ್ತು ಜೈನಾಪುರದ ಅಜ್ಜನೊಬ್ಬ ಪಕ್ಕೆಲುಬು ಮುರಿದುಕೊಂಡು ಬಂದಿದ್ದ. ಎತ್ತು ಹಾಯ್ದದ್ದೆಂದು ಚೀಟಿಯಲ್ಲೇ ಬರೆದಿತ್ತು.

ನಾನು ನಂಬರುಗಳ ಪಟ್ಟಿ ನೋಡುತ್ತ, "ಸಿಸ್ಟರ್, ಮೊಸಳಿ ಕಚ್ಚಿದ್ರೂ ನಂಬರ್ ಐತಿ, ರಾಕೆಟ್ಟಿನಾಗ ಹೋಗಿ ಬಿದ್ರೂ ಐತಿ!" ಎಂದು ನರ್ಸಿನೊಡನೆ ನಗುತ್ತಿದ್ದೆ.

ಅಜ್ಜ ಮೆಲ್ಲಗೆ ಅಂದ: "ಎತ್ತಿನ ಮ್ಯಾಲ ತಪ್ಪು ಬರೀಬ್ಯಾಡ್ರಿ ಸಾಹೇಬ್ರ. ಪಾಪ, ಅದಕ್ಕ ಕಣ್ಣು ಕಾಣಂಗಿಲ್ಲ. ಮಾತಾಡಿಸಿ ಮೈ ಮುಟ್ಟಬೇಕು. ನಾ ಸುಮ್ಮನ ಹೋಗಿ ಮುಟ್ಟಿದೆ."

ನನ್ನ ಮುಖ ಸಣ್ಣದಾಯಿತು. ಅಷ್ಟೊತ್ತಿಗೆ ನಾನು ಅವನ ಪಕ್ಕೆ ಒತ್ತಿ ನೋಡಿದ್ದೆ, ಎಕ್ಸರೇ ನೋಡಿದ್ದೆ, ನಂಬರ್ ಹುಡುಕಿದ್ದೆ. ಅವನನ್ನು ಮಾತಾಡಿಸಿಯೇ ಇರಲಿಲ್ಲ.

ಪುಣ್ಯಕ್ಕೆ, ಅಜ್ಜ ಹಾಯಲಿಲ್ಲ.